ಕೆಂಪು ಚುಕ್ಕಿಯ ಕಲ್ಲು

ಗಂಗೋತ್ರಿ ಮಾಡಿದ ತಪ್ಪೆಂದರೆ 'ಪ್ರಾಜೆಕ್ಟ್' ಎಂದು ಬಾಯಿಬಿಟ್ಟದ್ದು. ಬಳ್ಳಾರಿ ಗಾಂಧಿನಗರದ ಈ ಹುಡುಗಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಕರೂರಿಗೆ ಬಂದಿಳಿದಿದ್ದಳು. ಗದ್ದೆಯ ಬದುವಿನ ಮೇಲಿದ್ದ ಹುಲುಗಮ್ಮ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದಳು.

"ಏನ್ ಕೆಲಸಕ್ಕ ಬಂದಿಯವ್ವಾ?"

"ಒಂದು ಪ್ರಾಜೆಕ್ಟ್ ಐತ್ರಿ ಅಮ್ಮಾ. ನಿಮ್ಮ ಗದ್ದಿ ಫೋಟೋ ಬೇಕಾಗೈತಿ."

ಮುಗಿಯಿತು. ಕುರುಗೋಡಿನ ಕಡೆಯ ತವರಿನಲ್ಲಿ ಹುಲುಗಮ್ಮನ ಅಣ್ಣನ ಹೊಲ ಹೋದದ್ದು ಪ್ರಾಜೆಕ್ಟಿಗೇ. ಮೊದಲು ಫೋಟೋದವರು ಬಂದರು, ಆಮೇಲೆ ಕಲ್ಲಿಗೆ ಕೆಂಪು ಬಣ್ಣ ಬಳಿಯುವವರು, ಕಡೆಗೆ ನೋಟೀಸು. ಹಾವು ಕಚ್ಚಿಸಿಕೊಂಡವರಿಗೆ ಹಗ್ಗವೂ ಹಾವೇ.

ಹುಡುಗಿ ಬಿಡಿಸಿ ಹೇಳಿದಳು, ಪಾಪ. ಹಿರಿಯ ಛಾಯಾಗ್ರಾಹಕರೊಬ್ಬರು ಒಂದೇ ಜಾಗದಲ್ಲಿ ನಿಂತು ವರ್ಷಗಟ್ಟಲೆ ಒಂದೇ ನದಿದಂಡೆಯ ಚಿತ್ರ ತೆಗೆದಿದ್ದರಂತೆ. ಅದನ್ನು ನೋಡಿದಾಗಿನಿಂದ ಇವಳಿಗೂ ಅದೇ ಹುಚ್ಚು. ಪೈರು ಹಸಿರಿದ್ದಾಗ ಒಂದು, ಕೊಯ್ಲಾದ ಮೇಲೆ ಒಂದು, ಹುಲ್ಲಿಗೆ ಬೆಂಕಿಯಿಟ್ಟು ಹೊಗೆ ಎದ್ದಾಗ ಒಂದು. ಹುಲುಗಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು: ಇವಳು ಮತ್ತೆ ಮತ್ತೆ ಬರುತ್ತಾಳೆ. ಸಾಲದ್ದಕ್ಕೆ, ಮುಂದಿನ ಸಲ ಜಾಗ ತಪ್ಪಬಾರದೆಂದು ಬದುವಿನ ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲಿಟ್ಟು, ಅದರ ಮೇಲೆ ಕೆಂಪು ಚುಕ್ಕಿ ಬಳಿದುಹೋದಳು. ಬೇರೆ ಬಣ್ಣ ಸಿಗಲಿಲ್ಲವೇ ಮಹಾತಾಯಿಗೆ?

ಗಂಡ ಸತ್ತ ಮೇಲೆ ಹುಲುಗಮ್ಮನಿಗೆ ಇದ್ದದ್ದು ಅದೊಂದೇ ಗದ್ದೆ. ಕಲ್ಲನ್ನು ಕಾಲುವೆಗೆ ಎಸೆಯೋಣವೆಂದುಕೊಂಡಳು. ಎಸೆದರೆ ಮತ್ತೆ ಬಂದು ಇನ್ನೊಂದು ಇಡುತ್ತಾರೆ. ಗುರುತು ಎಲ್ಲಾದರೂ ಇರಲೇಬೇಕು, ತನ್ನಲ್ಲಿ ಬೇಡ ಅಷ್ಟೆ. ಬೆಳಿಗ್ಗೆ ಯಾರೂ ಇಲ್ಲದಾಗ ಅದನ್ನೆತ್ತಿ ಪಕ್ಕದ ಗದ್ದೆಯ ಬದುವಿಗೆ ಇಟ್ಟಳು. ಆ ಗದ್ದೆ ಮೈದುನ ಎರ್ರಣ್ಣನದು. ಅಣ್ಣ ತೀರಿಕೊಂಡಾಗಿನಿಂದ ತನ್ನ ಗದ್ದೆಗಿಂತ ಮೊದಲು ಅತ್ತಿಗೆಯ ಗದ್ದೆಗೆ ಟ್ರ್ಯಾಕ್ಟರ್ ಇಳಿಸುತ್ತಿದ್ದವನು. ಅವನಿಗೆ ಬೇರೆ ಕಡೆಯೂ ಭೂಮಿ ಇದೆ, ಇದೊಂದು ಹೋದರೆ ಸಾಯುವುದಿಲ್ಲ ಎಂದು ಹುಲುಗಮ್ಮ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಆದರೂ ಅಂದು ಅವಳಿಗೆ ಊಟ ಸೇರಲಿಲ್ಲ.

ಕೊಯ್ಲಾದ ಮೇಲೆ ಗಂಗೋತ್ರಿ ಬಂದಳು. ಕೆಂಪು ಚುಕ್ಕಿಯ ಮೇಲೆ ನಿಂತು ಕ್ಯಾಮೆರಾಕ್ಕೆ ಕಣ್ಣಿಟ್ಟವಳು ಹುಬ್ಬು ಗಂಟಿಕ್ಕಿದಳು. ಹಳೆಯ ಚಿತ್ರವನ್ನೂ, ಗುರುತಿಗೆಂದು ಕಲ್ಲಿನದೇ ತೆಗೆದಿದ್ದ ಇನ್ನೊಂದನ್ನೂ ತೆರೆದು ನೋಡಿದಳು.

"ಈ ಕಲ್ಲು ಯಾರರ ಸರಿಸ್ಯಾರೇನ್ರಿ?"

"ನಾನ್ಯಾಕ ಸರಿಸ್ಲಿ?" ಎಂದಳು ಹುಲುಗಮ್ಮ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅಲ್ಲೇ ಇದ್ದ ಎರ್ರಣ್ಣ ಬಗ್ಗಿ ಚಿತ್ರ ನೋಡಿದ. ಅದರಲ್ಲಿ ಕಲ್ಲು ಅತ್ತಿಗೆಯ ಬದುವಿನ ಮೂಲೆಯಲ್ಲಿತ್ತು; ಈಗ ಇರುವುದು ತನ್ನ ಬದುವಿನಲ್ಲಿ. ಕುರುಗೋಡಿನ ಕಥೆ ಅವನಿಗೆ ಗೊತ್ತಿಲ್ಲದ್ದೇನಲ್ಲ, ನೋಟೀಸು ಹಿಡಿದು ಅವಳ ಅಣ್ಣನ ಜೊತೆ ಆಫೀಸು ಅಲೆದವನೇ ಅವನು. ಅವನ ಮುಖ ಇಳಿಯಿತು.

"ಹೋಗೋದಾದ್ರ ನಂದು ಹೋಗ್ಲಿ ಅಂದ್ಯೇನ್ ಅತ್ತಿಗಿ?"

"ಗದ್ದಿ ಎಲ್ಲಿಗ್ರಿ ಹೋಗ್ತೈತಿ?" ಗಂಗೋತ್ರಿ ಗಾಬರಿಯಾದಳು. "ನಂದು ಬರೇ ಫೋಟೋ ರೀ!"

ಇಬ್ಬರೂ ಅವಳತ್ತ ನೋಡಲಿಲ್ಲ. ಹುಲುಗಮ್ಮ ನಾಚಿಕೆಯಿಂದ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಎರ್ರಣ್ಣನ ಕಣ್ಣು ನಿಧಾನವಾಗಿ ಎರಡು ಗದ್ದೆಗಳ ನಡುವಿನ ಬಾಂದುಕಲ್ಲಿನ ಮೇಲೆ ಹೋಗಿ ನಿಂತಿತು. ಪಾಲಾದಾಗ ಅವನ ಅಣ್ಣನೇ ಕೈಯಾರೆ ಹುಗಿದ ಗಡಿಯ ಕಲ್ಲು ಅದು. ಇಷ್ಟು ವರ್ಷ ಯಾರೂ ಅದನ್ನು ತಿರುಗಿ ನೋಡಿರಲಿಲ್ಲ.

"ಆ ಬಾಂದುಕಲ್ಲಾದ್ರೂ ಅಣ್ಣ ಹುಗಿದಲ್ಲೇ ಐತೇನು?"

"ದೇವ್ರಾಣಿ, ಅದನ್ನ ನಾ ಮುಟ್ಟಿಲ್ಲೋ ಎರ್ರಣ್ಣಾ!"

ಆ ಮಾತು ನಿಜವಾಗಿತ್ತು. ಎರ್ರಣ್ಣ ಆಗಲೇ ತನ್ನ ಗದ್ದೆಯ ಆಚೆ ಬದಿಯ ದಾರಿಯ ಅಂಚಿಗೆ ಹೋಗಿ, ಅಲ್ಲಿಂದ ಬಾಂದುಕಲ್ಲಿನ ಕಡೆಗೆ ತನ್ನ ಪಾಲನ್ನು ಹೆಜ್ಜೆಯಿಂದ ಅಳೆಯತೊಡಗಿದ್ದ.