ಶಾಲೆಯ ಮೇಲ್ ಖಾಲಿಯಾದ ಸೋಮವಾರ

ಬೀದರಿನ ಇತಿಹಾಸ ಶಿಕ್ಷಕರ ಶಿಬಿರದಲ್ಲಿ ಮಾತಾಡಲು ತನ್ನನ್ನೂ ಕರೆದಿದ್ದರೆಂಬುದು ಪ್ರಬುದ್ಧನಿಗೆ ತಿಳಿದದ್ದು ಶಿಬಿರ ಮುಗಿದ ಮೇಲೆ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಬೇರೊಂದು ಶಾಲೆಯ ಮೇಷ್ಟ್ರು, "ನೀವ್ಯಾಕ ಬರ್ಲಿಲ್ಲ ಸರ್? ನಿಮ್ಮ ಶಾಲೀಗಿ ಮೇಲ್ ಕಳಿಸ್ಯಾರಂತ ಹೇಳಿದ್ರಲ್ಲ," ಎಂದರು.

ಪ್ರಬುದ್ಧನಿಗೆ ಹುಟ್ಟಿನಿಂದ ಕಣ್ಣು ಕಾಣಿಸದು. ಕಮಲಾಪುರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ಅವನೇ ಶಾಲೆಯ ಮೇಲ್ ನೋಡಿಕೊಳ್ಳುತ್ತಿದ್ದ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅವನ ಲ್ಯಾಪ್‌ಟಾಪಿನಲ್ಲಿತ್ತು. ಆದರೆ ಮೇಲ್ ಕಂಪನಿಯವರು ತಮ್ಮ ವೆಬ್ ಪುಟಕ್ಕೆ ಹೊಸ ರೂಪ ಕೊಟ್ಟದ್ದೇ ಕೊಟ್ಟದ್ದು, ಆ ತಂತ್ರಾಂಶ ಪತ್ರ ಓದುವುದನ್ನು ಬಿಟ್ಟು "ಬಟನ್, ಬಟನ್, ಹೆಸರಿಲ್ಲದ ಚಿತ್ರ, ಬಟನ್" ಎಂದು ಗೊಣಗತೊಡಗಿತು. ಅಂದಿನಿಂದ ಗಣಿತದ ಗುರುಪ್ರಸಾದ ಮೇಷ್ಟ್ರು ಮೇಲ್ ತೆರೆದು, ಇವನಿಗೆ ಬೇಕಾದ್ದನ್ನು ಓದಿ ಹೇಳುತ್ತಿದ್ದರು. ಯಾವುದು ಬೇಕು, ಯಾವುದು ಬೇಡ ಎಂಬುದನ್ನೂ ಅವರೇ ತೀರ್ಮಾನಿಸುತ್ತಿದ್ದರು.

ಶಿಬಿರದ ವಿಷಯ ಕೇಳಿದಾಗ ಅವರು ಮುಚ್ಚಿಡಲಿಲ್ಲ. "ಬೀದರ್ ತನಕ ಹೋಗೂದು, ಅಲ್ಲಿ ಕಿಲ್ಲಾ ಹತ್ತೂದು ಇಳಿಯೂದು... ನಿಮಗ ಸುಮ್ನ ತ್ರಾಸ ಯಾಕ ಅಂತ ನಾನೇ 'ಬರಂಗಿಲ್ಲ' ಅಂತ ಬರದು ಹಾಕಿದೆ ಸರ್."

ಒಳ್ಳೆಯತನದಿಂದಲೇ ಹೇಳಿದ್ದರು. ಅದಕ್ಕೇ ಪ್ರಬುದ್ಧನಿಗೆ ಬಯ್ಯಲೂ ಆಗಲಿಲ್ಲ, ನುಂಗಿಕೊಳ್ಳಲೂ ಆಗಲಿಲ್ಲ.

ಆ ಭಾನುವಾರ ಅವನು ಕಲಬುರಗಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಹಟ ಹಿಡಿದು ಕೂತ. ಟರ್ಮಿನಲ್ ಎಂಬ ಕಿಟಕಿ ತೆರೆದ. ಅದರಲ್ಲಿ ಚಿತ್ರವಿಲ್ಲ, ಬಟನ್ ಇಲ್ಲ. ಆಜ್ಞೆ ಬೆರಳಚ್ಚಿಸಿದರೆ ಸಾಲು ಸಾಲಾಗಿ ಅಕ್ಷರದಲ್ಲೇ ಉತ್ತರ. ಅದರೊಳಗೇ ಮೇಲ್ ಓದಿಕೊಳ್ಳುವ ಅಂಧರು ಎಷ್ಟೋ ಜನರಿದ್ದಾರೆಂದು ಕೇಳಿದ್ದ. ಮೊದಲು ಆಲ್ಪೈನ್ ಎಂಬ ಪ್ರೋಗ್ರಾಮ್ ಹಾಕಿ ನೋಡಿದ. ಮೆನು ಇದೆ, ಕಲಿಯಲು ಸುಲಭ ಎಂದಿದ್ದರು. ಆದರೆ ಒಂದು ಕೀಲಿ ಒತ್ತಿದರೆ ಸಾಕು, ಅವನ ಯಂತ್ರ ಪರದೆಯ ಅಡಿಯ ಮೆನುವನ್ನೆಲ್ಲ ಪುನಃ ಪುನಃ ಒದರುತ್ತಿತ್ತು. ಅದನ್ನು ಕಿತ್ತುಹಾಕಿ ಮಟ್ ಎಂಬುದನ್ನು ಹಿಡಿದ. ಇದು ಮಿತಭಾಷಿ. ಆದರೆ ತಾನಾಗಿ ಏನೂ ಮಾಡದು. ಸೆಟ್ಟಿಂಗನ್ನೆಲ್ಲ ಒಂದು ಫೈಲಿನಲ್ಲಿ ಕೈಯಾರೆ ಬರೆದುಕೊಡಬೇಕು. ಪತ್ರಗಳನ್ನು ಕಂಪನಿಯ ಸರ್ವರಿನಿಂದ ಲ್ಯಾಪ್‌ಟಾಪಿಗೆ ಹೊತ್ತು ತರಲು ಫೆಚ್‌ಮೇಲ್ ಎಂಬ ಇನ್ನೊಂದು ಪ್ರೋಗ್ರಾಮ್ ಬೇಕು. ಅದಕ್ಕೂ ಬೇರೆ ಫೈಲು.

ಎರಡನ್ನೂ ಬರೆದು ಮುಗಿಸಿದ. ಪಾಸ್‌ವರ್ಡ್ ತಪ್ಪು ಎಂದಿತು. ಇನ್ನೊಮ್ಮೆ ಕೊಟ್ಟ. ತಪ್ಪು. ಹೊರಗಿನ ಪ್ರೋಗ್ರಾಮುಗಳಿಗೆ ಪ್ರತ್ಯೇಕ ಪಾಸ್‌ವರ್ಡ್ ಬೇಕೆಂದೂ, ಅದನ್ನು ಪಡೆಯಲು ಫೋನಿಗೆ ಬರುವ ಓಟಿಪಿ ಕೊಡಬೇಕೆಂದೂ ತಿಳಿಯುವಷ್ಟರಲ್ಲಿ ಹೆಂಡತಿ ಪಂಚಶೀಲಾ ಎರಡು ಸಲ ಊಟಕ್ಕೆ ಕರೆದಿದ್ದಳು. ಓಟಿಪಿ ಬರುವುದು ಮುಖ್ಯೋಪಾಧ್ಯಾಯಿನಿ ಅಂಬಿಕಾ ಮೇಡಂ ಫೋನಿಗೆ. ಅವರು ಶರಣಬಸವೇಶ್ವರ ಗುಡಿಯಲ್ಲಿದ್ದರು.

"ಹಲೋ? ಏನ್ ಬಂದದ? ಜರಾ ಜೋರ್ ಹೇಳ್ರಿ, ಇಲ್ಲಿ ಗಂಟಿ ಬಾರ್ಸ್ಲಾಕತ್ತಾರ!"

"ಮೆಸೇಜಿನ್ಯಾಗ ನಂಬರ್ ಬಂದದ ನೋಡ್ರಿ ಮೇಡಂ. ಅದನ್ನ ಓದಿ ಹೇಳ್ರಿ."

ಅವರು ಚಷ್ಮಾ ಹುಡುಕಿ ಓದುವ ಹೊತ್ತಿಗೆ ಆ ನಂಬರಿನ ಅವಧಿ ಮುಗಿದಿತ್ತು. ಎರಡನೆಯ ಸಲ ಅಂಕಿಯೊಂದು ತಪ್ಪಾಯಿತು. ಮೂರನೆಯದಕ್ಕೆ, "ಸರ್, ಗುರುಪ್ರಸಾದ ಸರ್ ಓದಿ ಹೇಳ್ತಾರಲ್ಲ, ಈ ಉಸಾಬರಿ ಯಾಕ ಬೇಕು?" ಎಂದೇ ನಂಬರ್ ಕೊಟ್ಟರು. ಪ್ರಬುದ್ಧ ಹಲ್ಲು ಕಚ್ಚಿಕೊಂಡು ಬೆರಳಚ್ಚಿಸಿದ.

ಈಗ ಪತ್ರಗಳು ಬಂದವು. ಅವನು ಮೊದಲನೆಯದನ್ನು ತೆರೆದ. "ಪ್ರಶ್ನಾರ್ಥಕ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ," ಎಂದಿತು ಯಂತ್ರ. ಕನ್ನಡದ ಒಂದಕ್ಷರವೂ ಮಟ್‌ಗೆ ತಿಳಿದಿರಲಿಲ್ಲ.

"ಯಾರ್ ಮ್ಯಾಲೆ ಸಿಟ್ಟು?" ಪಂಚಶೀಲಾ ಅಡುಗೆಮನೆಯಿಂದ ಬಂದಳು. "ನಾ ಓದ್ಲೇನ್ರಿ?"

"ಬ್ಯಾಡ!" ಎಂದು ಒದರಿದ. ಆಮೇಲೆ ದನಿ ತಗ್ಗಿಸಿ, "ನೀ ಓದಬ್ಯಾಡ ಪಂಚಶೀಲಾ. ಇವತ್ತೊಂದ್ ದಿನ ಯಾರೂ ಓದಬ್ಯಾಡ್ರಿ," ಎಂದ.

ಅವಳು ತಟ್ಟೆಯನ್ನು ಅವನ ಕೈಗೆಟಕುವಲ್ಲಿಟ್ಟು ಹೋದಳು. ರೊಟ್ಟಿ ಆರಿತು. ಅಕ್ಷರಗಳ ಸೆಟ್ಟಿಂಗ್ ಎಲ್ಲಿದೆಯೆಂದು ಹುಡುಕಿ ಸರಿಪಡಿಸಿದಾಗ ಸಂಜೆ. ಕಡೆಗೂ ಇಲಾಖೆಯ ಸುತ್ತೋಲೆಯೊಂದನ್ನು ಯಂತ್ರ ಕನ್ನಡದಲ್ಲಿ ಮೊದಲಿಂದ ಕೊನೆಯವರೆಗೂ ಓದಿತು. ಶಾಲೆಯ ನೀರಿನ ಟಾಕಿ ತೊಳೆಸುವ ಬಗ್ಗೆ ಇದ್ದ ಸುತ್ತೋಲೆ. ಪ್ರಬುದ್ಧ ಅದನ್ನು ಪೂರ್ತಿ ಕೇಳಿ, ಮತ್ತೊಮ್ಮೆ ಕೇಳಿದ.

ಸೋಮವಾರ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಶಾಲೆಗೆ ಹೋದ. ಪ್ರಾರ್ಥನೆ ಮುಗಿಯುತ್ತಲೇ ಅಂಬಿಕಾ ಮೇಡಂ ಕರೆಸಿದರು. ಒಳಗೆ ಗುರುಪ್ರಸಾದರೂ ಇದ್ದರು.

"ಪ್ರಬುದ್ಧ ಸರ್, ಏನ್ ಮಾಡೀರಿ? ಮೇಲ್ ಪೂರಾ ಖಾಲಿ ಆಗ್ಯಾದ! ಒಂದೂ ಪತ್ರ ಇಲ್ಲ. ಬಿಇಓ ಆಫೀಸಿಗಿ ನಾ ಏನ್ ಜವಾಬ್ ಕೊಡ್ಲಿ?"

ಪ್ರಬುದ್ಧನಿಗೆ ಕೂಡಲೇ ಹೊಳೆಯಿತು. ಫೆಚ್‌ಮೇಲ್ ಪತ್ರವನ್ನು ತಂದಮೇಲೆ ಮೂಲವನ್ನು ಅಳಿಸಿಬಿಡುತ್ತದೆ. ಅಳಿಸಬಾರದೆಂದಿದ್ದರೆ 'ಕೀಪ್' ಎಂಬ ಒಂದು ಪದವನ್ನು ಫೈಲಿನಲ್ಲಿ ಸೇರಿಸಬೇಕಿತ್ತು. ಕೈಪಿಡಿಯಲ್ಲಿ ಅದು ಇತ್ತು. ಪಾಸ್‌ವರ್ಡಿನ ಜಗಳದಲ್ಲಿ ಅವನು ಆ ಭಾಗವನ್ನು ಹಾರಿಸಿಬಿಟ್ಟಿದ್ದ.

"ಹೋಗಿಲ್ಲ ಮೇಡಂ, ನನ್ನ ಲ್ಯಾಪ್‌ಟಾಪಿನ್ಯಾಗ ಅವ. ನಾಳೆ ತಂದು ವಾಪಸ್ ಇಡ್ತೀನಿ. ತಪ್ಪು ನಂದೇ."

"ಅದಕ್ಕೇ ನಿಮಗ ತ್ರಾಸ ಬ್ಯಾಡ ಅಂದಿದ್ದೆ ಸರ್," ಎಂದರು ಗುರುಪ್ರಸಾದ ಮೆತ್ತಗೆ. ಆ ಮೆತ್ತಗಿನ ದನಿ ಅವನನ್ನು ಮೇಡಂ ಕೂಗಿಗಿಂತ ಹೆಚ್ಚು ಚುಚ್ಚಿತು. ಆ ದಿನ ತರಗತಿಯಲ್ಲಿ ಕಾರಣವಿಲ್ಲದೆ ಎರಡು ಬಾರಿ ರೇಗಿದ.

ಮಂಗಳವಾರ ಸ್ಟಾಫ್ ರೂಮಿನಲ್ಲಿ ಫೋನಿನಿಂದ ಇಂಟರ್ನೆಟ್ ಕೊಟ್ಟುಕೊಂಡು, ಪತ್ರಗಳನ್ನು ಸರ್ವರಿಗೆ ನಕಲು ಮಾಡಲು ಶುರುಮಾಡಿದ. ಅರ್ಧಕ್ಕೆ ನೆಟ್‌ವರ್ಕ್ ಕೈಕೊಟ್ಟಿತು. ಎಷ್ಟು ಹೋಗಿವೆ, ಎಷ್ಟು ಉಳಿದಿವೆ ಎಂಬುದೇ ತಿಳಿಯದು. ಹೋದವನ್ನೆಲ್ಲ ತೆಗೆದು ಮೊದಲಿನಿಂದ ಮಾಡಿದ. ಮತ್ತೆ ನಿಂತಿತು. ಹೊರಗೆ ಸಿಗ್ನಲ್ ಸಿಗುತ್ತದೆಂದು ಯಾರೋ ಹೇಳಿದ್ದಕ್ಕೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಬಿಸಿಲಲ್ಲೇ ಕೂತ. ಬೆವರು ಕೀಲಿಗಳ ಮೇಲೆ ತೊಟ್ಟಿಕ್ಕಿತು. ಶಾಲೆ ಬಿಡುವ ಹೊತ್ತಿಗೆ ಕೊನೆಯ ಪತ್ರ ಹೋಯಿತು.

ಗುರುಪ್ರಸಾದರೊಂದಿಗೆ ಕಟ್ಟೆಯ ಬಳಿ ಬಂದ ಅಂಬಿಕಾ ಮೇಡಂ ತಮ್ಮ ಫೋನಿನಲ್ಲಿ ನೋಡಿದರು. "ಬಂದಾವ. ಆದ್ರ ಸರ್, ಇನ್ನ ಮ್ಯಾಲೆ ಮೇಲಿನ ಕೆಲಸ ಗುರುಪ್ರಸಾದ ಸರ್ ಒಬ್ಬರೇ ನೋಡ್ಲಿ. ನಿಮಗೂ ನಿರಾಳ."

ಪ್ರಬುದ್ಧ ಎದ್ದು ನಿಂತ. "ಮೇಡಂ, ನಾ ಪತ್ರ ತಗದೆ, ವಾಪಸ್ ಇಟ್ಟೆ. ನನಗ ಬಂದ ಕರೀಗಿ ನನ್ನ ಕೇಳದೇ 'ಬರಂಗಿಲ್ಲ' ಅಂತ ಬರದ್ರಲ್ಲ, ಆ ಶಿಬಿರ ಯಾರ್ ವಾಪಸ್ ಕೊಡ್ತಾರ?"

ಮೇಡಂಗೆ ಅದು ಗೊತ್ತಿರಲಿಲ್ಲ. "ಹೌದೇನ್ರಿ?" ಎಂದು ಗುರುಪ್ರಸಾದರನ್ನು ಕೇಳಿದರು. "ಹೌದ್ರಿ ಮೇಡಂ, ಅವರಿಗಿ ತ್ರಾಸ ಆಗಬಾರ್ದಂತ ನಾನೇ ಬರದೆ," ಎಂದರು ಅವರು.

"ಆಯ್ತು, ಇಬ್ಬರೂ ನೋಡ್ರಿ," ಎಂದರು ಮೇಡಂ ಕೊನೆಗೆ. "ಆದ್ರ ಮತ್ತೊಮ್ಮೆ ಖಾಲಿ ಆತಂದ್ರ ನಾ ಸುಮ್ನಿರಂಗಿಲ್ಲ."

ಗೆದ್ದೆ ಅನ್ನಿಸಲಿಲ್ಲ. ಮನೆ ಸೇರಿದವನೇ ಬೀದರಿನ ಶಿಬಿರದವರಿಗೆ ಪತ್ರ ಬರೆಯಲು ಕೂತ. ತಾನು ಬರುವುದಿಲ್ಲವೆಂದು ಹೇಳಿರಲಿಲ್ಲ, ಮುಂದಿನ ಶಿಬಿರಕ್ಕೆ ಕರೆದರೆ ಖಂಡಿತ ಬರುತ್ತೇನೆ, ಕೋಟೆ ಹತ್ತುವುದು ತನಗೆ ತ್ರಾಸವಲ್ಲ ಎಂದು ಬರೆದು ಕಳಿಸುವ ಕೀಲಿ ಒತ್ತಿದ.

ಪತ್ರ ಹೋಗಲಿಲ್ಲ. ತರುವುದಕ್ಕೆ ಮಾಡಿದ ಸೆಟ್ಟಿಂಗ್ ಕಳಿಸುವುದಕ್ಕೆ ನಡೆಯದಂತೆ. ಅದಕ್ಕೆ ಮತ್ತೊಂದನ್ನು ಬರೆಯಬೇಕಂತೆ. ಪ್ರಬುದ್ಧ, "ಪಂಚಶೀಲಾ, ಒಂದ್ ಕಪ್ ಚಾ ಕೊಡ್ತೀ?" ಎಂದು ಕೂಗಿ, ಈ ಸಲ ಕೈಪಿಡಿಯನ್ನು ಮೊದಲ ಸಾಲಿನಿಂದ ಓದಿಸತೊಡಗಿದ.