ರೇಡಿಯೋದ ಜಳಕ

"ಅಲ್ಲೆ ಇಳಸಬ್ಯಾಡ! ಗುಡಿ ಕಟ್ಟಿಗಿ ತಾಗ್ತದ ನೋಡ, ಕಣ್ಣ ಕಾಣಂಗಿಲ್ಲೇನ, ರಂಡಿ?"

ಶಾಲುಬಾಯಿ ನಿಂತಳು. ತಲೆಯ ಮೇಲೆ ರೇಡಿಯೋ. ಭಾಲ್ಕಿಯಿಂದ ಹೊತ್ತು ತಂದ ಕಟ್ಟಿಗೆಯ ಪೆಟ್ಟಿಗೆ, ಸುತ್ತ ಹಗ್ಗ. ಕುತ್ತಿಗೆ ಹೆಗಲೊಳಗೆ ಹೂತುಹೋದಂತಿತ್ತು. ಕೂಗಿದ ಬಳವಂತರಾವ ಪಾಟೀಲ ಹನುಮಾನ ಗುಡಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಅವನ ಆಚೀಚೆ ಊರಿನ ಹಿರಿಯರು.

"ಹಿಂದ ಸರಿ. ಇನ್ನಾ ಹಿಂದ. ಬೇವಿನ ಗಿಡದ ನೆಳ್ಳ ಬಿಟ್ಟು ನಿಂದ್ರು."

ಹಿಂದೆ ಸರಿದಳು. ಬಿಸಿಲಿಗೆ ಬಂದಳು.

ತಲೆಹೊರೆ ಹೊತ್ತವರು ಎದುರಾದರೆ ಒಂದು ಕೈ ಕೊಟ್ಟು ಇಳಿಸುವುದು ಕೊಂಗಳವಾಡಿಯಲ್ಲಿ ವೈರಿಗೂ ತಪ್ಪದ ನಡತೆ. ಕಟ್ಟೆಯಿಂದ ಒಂದು ಕೈಯೂ ಏಳಲಿಲ್ಲ. ಗಂಡ ಕಾಶೀರಾಮ ಹಿಂದೆಯೇ ಇದ್ದ, ಆದರೆ ಅವನ ತಲೆಯ ಮೇಲೆ ಬ್ಯಾಟರಿ ಇತ್ತು. ಅದು ಓರೆಯಾದರೆ ಒಳಗಿನ ಉರಿನೀರು ಸೋರುತ್ತದೆ. ಅವನ ಎಡಗಿವಿಯ ಮೇಲೆ ಕೂದಲು ಬೆಳೆಯದ ಒಂದು ಜಾಗವಿತ್ತು. ಹಿಂದೆ ಒಮ್ಮೆ ಸೋರಿದ್ದು.

ಶಾಲುಬಾಯಿ ಮೊದಲು ಒಂದು ಮೊಣಕಾಲು ಊರಿದಳು. ಆಮೇಲೆ ಇನ್ನೊಂದು. ಪೆಟ್ಟಿಗೆಯನ್ನು ಎದೆಗೆ ಜಾರಿಸಿಕೊಂಡು, ಹಣೆ ನೆಲಕ್ಕೆ ತಾಗುವಷ್ಟು ಬಾಗಿ, ಮಣ್ಣಿನ ಮೇಲೆ ಇಟ್ಟಳು.

"ನೋಡ್ರಿ ಜೋಶೇರೆ, ನನಗ ಶರಣ ಮಾಡ್ಲತ್ತಾಳ," ಪಕ್ಕದ ಅರ್ಚಕನಿಗೆ ಅಂದ ಪಾಟೀಲ.

ಕಟ್ಟೆಯೆಲ್ಲ ನಕ್ಕಿತು.

ಅವಳು ಎದ್ದು ಸೆರಗು ಕೊಡವಿದಳು. ಆಮೇಲೆ ಕಾಶೀರಾಮನ ಬ್ಯಾಟರಿಗೆ ಕೈ ಕೊಟ್ಟು ಇಳಿಸಿದಳು.

ರೇಡಿಯೋ ಊರಿಗೆ ಬಂದದ್ದು ಹೈದರಾಬಾದ ಸರಕಾರ ಇದ್ದಾಗ. ಜೀಪಿನಲ್ಲಿ ತಂದಿದ್ದರು. ಇದು ಇಡೀ ಊರಿನದು, ಎಲ್ಲರೂ ಕೂತು ಕೇಳಬೇಕು ಎಂದು ಹೇಳಿ ಹೋಗಿದ್ದರು. ಜೀಪಿನ ಧೂಳು ಇಳಿಯುವ ಮೊದಲೇ ಪಾಟೀಲ ಅದನ್ನು ಗುಡಿಯೊಳಗೆ ಇಡಿಸಿದ. ದನಿ ದೊಡ್ಡದು ಮಾಡುವ ಹಾರ್ನನ್ನು ತನ್ನ ದೊಡ್ಡ ಮನೆ, ವಾಡೆಯ ಕಡೆ ಮುಖ ಮಾಡಿ ಕಟ್ಟಿಸಿದ. ಗುಡಿಯೊಳಗೆ ಹೊಲಗೇರಿಯವರು ಹೋಗುವಂತಿಲ್ಲ, ವಾಡೆಯ ಮುಂದೆ ಕೂರುವಂತಿಲ್ಲ. ಉಳಿದದ್ದು ಗುಡಿಯ ಹಿಂದಿನ ಗಟಾರ. ದೇವರಿಗೆ ಎರೆದ ನೀರು ಹರಿದು ಹೋಗುವಲ್ಲಿ ಕೇರಿಯ ಜನ ಸಂಜೆ ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಕಿವಿ ಹಚ್ಚಿ, ಬಂದಷ್ಟು ಕೇಳುತ್ತಿದ್ದರು. ಮಳೆ ಅನ್ನುವುದು ಕೇಳುತ್ತಿತ್ತು, ಎಲ್ಲಿ ಅನ್ನುವುದು ಕೇಳುತ್ತಿರಲಿಲ್ಲ. ಬೀಜ ಕೊಡುತ್ತಾರೆ ಅನ್ನುವುದು ಕೇಳುತ್ತಿತ್ತು, ಯಾರಿಗೆ ಅನ್ನುವುದು ಕೇಳುತ್ತಿರಲಿಲ್ಲ.

ಆದರೆ ಬ್ಯಾಟರಿ ಸತ್ತಾಗ ಅದನ್ನು ಭಾಲ್ಕಿಗೆ ಹೊತ್ತುಕೊಂಡು ಹೋಗಿ, ಕರೀಮ ಸಾಬನ ಹಿಟ್ಟಿನ ಗಿರಣಿಯ ಎಂಜಿನ್ನಿಗೆ ಹಚ್ಚಿಸಿ, ಜೀವ ತುಂಬಿಸಿಕೊಂಡು ಬರುವುದು ಕೇರಿಯ ಬಿಟ್ಟಿ. ಅದು ಕಾಶೀರಾಮನ ಪಾಲಿಗೆ ಬಂದಿತ್ತು. ಪ್ರತಿ ಸಲವೂ ಅರ್ಚಕ ನರಹರಿ ಜೋಶಿ ಬ್ಯಾಟರಿಯ ಮೇಲೆ ನಾಲ್ಕು ಹನಿ ಗೋಮೂತ್ರ ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದ. ಅದರಿಂದ ಬ್ಯಾಟರಿಗೆ ಏನೂ ಆಗಿರಲಿಲ್ಲ.

ಈ ಸಲ ರೇಡಿಯೋ ತಾನೇ ಕೆಟ್ಟಿತ್ತು. ಬೀದರಕ್ಕೆ ಹೋಗಿ ರಿಪೇರಿಯಾಗಿ ರೈಲಿನಲ್ಲಿ ಭಾಲ್ಕಿ ಸ್ಟೇಶನ್ನಿಗೆ ಬಂದಿತ್ತು. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೊದಲ ಸಲ ದೊಡ್ಡ ಸಾಹೇಬರು ಹಳ್ಳಿಯ ರೇಡಿಯೋಗಳನ್ನು ನೋಡಲು ಔರಾದದ ಕಡೆಯಿಂದ ಬರುವವರಿದ್ದರು. ಬರುವ ಹೊತ್ತಿಗೆ ರೇಡಿಯೋ ಹಾಡುತ್ತಿರಬೇಕು. ಬ್ಯಾಟರಿ ಒಂದು ತಲೆಗೆ, ರೇಡಿಯೋ ಇನ್ನೊಂದು ತಲೆಗೆ. ಹಾಗಾಗಿ ಶಾಲುಬಾಯಿ.

ಬೆಳಿಗ್ಗೆ ಗಿರಣಿಯಲ್ಲಿ ಕರೀಮ ಸಾಬ ಎರಡನ್ನೂ ಜೋಡಿಸಿ ಕಿವಿ ಹಿಂಡಿದ್ದ. ರೇಡಿಯೋದ ಗುಂಡಿಗೆ ಎಲ್ಲರೂ ಕಿವಿ ಅನ್ನುತ್ತಿದ್ದರು. ಗೊರಗೊರ ಅಂದು ಒಬ್ಬ ಹೆಂಗಸಿನ ದನಿ ಬಂತು. "ಅಕ್ಕಂದಿರೇ, ತಂಗಿಯರೇ," ಅಂದಿತು. ಶಾಲುಬಾಯಿ ಹಿಂದೆ ತಿರುಗಿ ನೋಡಿದ್ದಳು. ಹಿಂದೆ ಗೋಡೆಯಿತ್ತು, ಹಿಟ್ಟಿನ ಚೀಲವಿತ್ತು. ದನಿ ಮುಂದುವರಿಯಿತು. ಕೂಲಿ ಕೊಡದೆ ಯಾರನ್ನೂ ದುಡಿಸಿಕೊಳ್ಳುವಂತಿಲ್ಲ, ಬಿಟ್ಟಿ ಮಾಡಿಸುವುದು ಕಾಯಿದೆಗೆ ವಿರುದ್ಧ, ಅಂದಿತು.

"ಊರಾಗ ಈ ಮಾತ ಬಂದಾಗೆಲ್ಲಾ ಪಾಟೀಲ ಕಿವಿ ಹಿಂಡಿ ಬಂದ್ ಮಾಡ್ತಾನ, ಈಗ ತಿಳೀತ?" ಕಾಶೀರಾಮ ನಕ್ಕಿದ್ದ. "ನಾವ್ ಗಟಾರದಾಗ ಕುಂತು, ಬ್ಯಾಟ್ರಿ ಸತ್ತದ ಅಂತಿದ್ದೆವು."

ಶಾಲುಬಾಯಿ ನಕ್ಕಿರಲಿಲ್ಲ. "ನಮ್ಮ ಕಡಿ ಒಂದ ಹಾರನ್ ಇದ್ರ," ಅಂದಿದ್ದಳು. ದಾರಿಯುದ್ದಕ್ಕೂ ಅದನ್ನೇ ಅಂದಿದ್ದಳು.

ಈಗ ಜೋಶಿ ಕಟ್ಟೆಯಿಂದ ಇಳಿದು, ಪೆಟ್ಟಿಗೆಯ ಸುತ್ತ ದೂರದಿಂದಲೇ ಒಂದು ಸುತ್ತು ಹಾಕಿದ.

"ಹೊತ್ತಾಗ ಇದರ ಬಾಯಿ ಯಾ ಕಡಿ ಇತ್ತು?"

"ಮುಂದ್ರಿ," ಅಂದಳು ಶಾಲುಬಾಯಿ.

"ಹಾದ್ಯಾಗ ಮಾತಾಡೀರಿ?"

"ಮಾತಾಡ್ದೆ ಹ್ಯಾಂಗ್ ಬರಾದ್ರಿ?"

"ಅಂದ್ರ ಇಕಿ ಮಾತು, ಇಕಿ ಉಸರು, ಎಲ್ಲಾ ಒಳಗ ಹೋಗ್ಯಾದ." ಜೋಶಿ ಪಾಟೀಲನ ಕಡೆ ತಿರುಗಿದ. "ಮ್ಯಾಲ ಚಿಮಕಿಸಿದ್ರ ಇದು ಶುದ್ಧ ಆಗಂಗಿಲ್ರಿ. ಬ್ಯಾಟ್ರಿದು ಬ್ಯಾರೆ, ಅದಕ್ಕ ಬಾಯಿ ಇಲ್ಲ. ಇದಕ್ಕ ಬಾಯಿ ಅದ."

"ಬಾಯಾಗ ಹಾಕ್ರಿ ಮತ್ತ. ಮಾರುತಿ ಮುಂದ ಮೈಲಿಗಿ ಸಾಮಾನ ಇಡ್ಲೇನ?" ಅಂದ ಪಾಟೀಲ.

ಒಳಗಿನಿಂದ ಹಿತ್ತಾಳೆಯ ತಂಬಿಗೆ ಬಂತು. ಹಾಲು, ಮೊಸರು, ತುಪ್ಪ, ಗೋಮೂತ್ರ, ಸಗಣಿ ಕಲಸಿದ ಪಂಚಗವ್ಯ. ಶಾಲುಬಾಯಿ ಎರಡು ಹೆಜ್ಜೆ ಮುಂದೆ ಬಂದಳು.

"ರೇಡಿಯೋರಿ ಅದು. ದೇವರಲ್ಲ."

"ನಿನಗ ಕೇಳ್ದವರ್ಯಾರ?" ಜೋಶಿ ತಲೆ ಎತ್ತಲಿಲ್ಲ. "ಇನ್ನ ಹೊಲತೇರು ಬಂದು ನನಗ ಮಡಿ ಕಲಸ್ತಾರ."

ರೇಡಿಯೋದ ಬಾಯಿಗೆ ಕಟ್ಟಿದ ತೆಳು ಬಟ್ಟೆಯ ಮೇಲೆ ಮಂತ್ರ ಹೇಳುತ್ತ ಸುರಿದ. ಬಟ್ಟೆ ಹಸಿರಾಯಿತು, ಹೀರಿತು, ಮತ್ತೆ ಸುರಿದ. ಹಿಂದಿನ ತೂತುಗಳಿಂದ ಹನಿ ತೊಟ್ಟಿಕ್ಕತೊಡಗಿದಾಗ ಸಾಕು ಎಂದು ತೃಪ್ತಿಯಿಂದ ತಂಬಿಗೆ ಕೆಳಗಿಟ್ಟ.

"ಸಣ್ಣ ಕೂಸಿಗಿ ಗುಟಕಿ ಹಾಕ್ದಂಗ ಹಾಕ್ದ ನೋಡು," ಕಾಶೀರಾಮ ಪಿಸುಗುಟ್ಟಿದ.

ಮೇಲೆ ಮೇಲೆ ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಒಳಗೆ ಒಯ್ದರು. ಅದೇ ಹೊತ್ತಿಗೆ ಜೀಪಿನ ಸದ್ದು ಕೇಳಿತು.

ಸಾಹೇಬರ ಹೆಸರು ಶ್ರೀಕಂಠಯ್ಯ. ಕೋಟು, ಕನ್ನಡಕ, ಹೊಳೆಯುವ ಬೂಟು. ಇಳಿದವರೇ ಎಲ್ಲ ಕಡೆಗೂ ಕೈ ಮುಗಿದರು. ಬೇವಿನ ಗಿಡದಾಚೆ ಬಿಸಿಲಲ್ಲಿ ನಿಂತ ಕೇರಿಯವರಿಗೂ ಮುಗಿದರು. "ನಮಸ್ಕಾರ, ನಮಸ್ಕಾರ. ಯಾಕೆ ಅಷ್ಟು ದೂರ ನಿಂತಿದ್ದೀರಿ? ಬನ್ನಿ, ಹತ್ತಿರ ಬನ್ನಿ."

ಯಾರೂ ಬರಲಿಲ್ಲ. ಶಾಲುಬಾಯಿಯ ಮಾವ ಮಾಣಿಕ ಬೊಚ್ಚು ಬಾಯಲ್ಲಿ ಅಂದ, "ರೇಡಿಯೋನೇ ಕಾಲ ಹಚಗೊಂಡು ಬಂದಂಗ ಮಾತಾಡ್ತಾನಲ್ಲೋ ಇಂವ."

"ಇನ್ನು ಮೇಲೆ ಸರ್ಕಾರ ನಿಮ್ಮ ಭಾಷೆಯಲ್ಲೇ ನಿಮ್ಮ ಬಾಗಿಲಿಗೆ ಬಂದು ಮಾತಾಡುತ್ತೆ," ಅಂದರು ಸಾಹೇಬರು, ಗುಡಿಯ ಮೆಟ್ಟಿಲ ಮೇಲಿಂದ.

"ನಮ್ಮ ಬಾಗಲ ಎತ್ಲಾಗದ, ಕೇಳ್ರಿ ಯಾರರ," ನೆರೆಮನೆಯ ಕೌಸಲ್ಯಾಬಾಯಿ ಗೊಣಗಿದಳು.

ಪಾಟೀಲ ತನ್ನ ಕೈಯಾರೆ ತಂತಿ ಜೋಡಿಸಿ ಕಿವಿ ಹಿಂಡಿದ. ಒಳಗೆ ಏನೋ ಚಟ್ ಅಂದಿತು. ಹಾರ್ನು ಒಮ್ಮೆ ಕೆಮ್ಮಿತು. ಆಮೇಲೆ ರೇಡಿಯೋದ ಹಿಂದಿನಿಂದ ಹೊಗೆ ಬಂತು. ಮೊದಲು ಎಳೆಯಾಗಿ, ಆಮೇಲೆ ದಪ್ಪಗೆ. ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ, ತುಪ್ಪ ಹೊತ್ತಿದ ವಾಸನೆ, ಕುಳ್ಳು ಸುಟ್ಟ ವಾಸನೆ. ಚೆಂಡುಹೂವು ಬಾಡಿ ಜೋತುಬಿತ್ತು. ಜೋಶಿ "ರಾಮ ರಾಮ" ಅಂದ.

ಪಾಟೀಲ ಮೆಟ್ಟಿಲಿಳಿದು ಬಂದ. ಬರುವಾಗಲೇ ಕಾಲಿನ ಚಪ್ಪಲಿ ಕೈಗೆ ಬಂದಿತ್ತು. ಅದು ಶಾಲುಬಾಯಿಯ ಕೆನ್ನೆಗೆ ಬಡಿದು ಕೆಳಗೆ ಬಿತ್ತು.

"ಕೆಡವ್ಯಾಳ್ರಿ ಸಾಹೇಬರ! ಸೂಳಿ ಕೆಡವಿ ಬಾಯಿ ಮುಚ್ಚಗೊಂಡು ತಂದಿಟ್ಟಾಳ. ಇವರ ಕೈ ಹತ್ತಿದ್ದು ಯಾವದ ಉಳಿದದ?"

ಕಾಶೀರಾಮ ಹೆಂಡತಿಯ ಮುಂದೆ ಬಂದು ನಿಂತ. ಅವನ ಹೊಟ್ಟೆಗೆ ಒದೆ ಬಿತ್ತು. ಅವನು ಬಾಗಿದ, ಆದರೆ ಸರಿಯಲಿಲ್ಲ.

"ನಿಲ್ಲಿಸಿ, ನಿಲ್ಲಿಸಿ," ಸಾಹೇಬರು ಕೂಗಿದರು. ಒಳಗೆ ಹೋಗಿ ರೇಡಿಯೋದ ಹಿಂಬದಿ ಬಿಚ್ಚಿದರು. ಗಾಜಿನ ಬುರುಡೆಗಳ ನಡುವೆ ಮೊಸರಿನ ಗಡ್ಡೆ ಕೂತಿತ್ತು. ಒಂದು ಬುರುಡೆ ಒಡೆದು ಅದರ ಮೇಲೆ ಸಗಣಿ ಬೆಂದು ಅಂಟಿತ್ತು. ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡಿ, ಕರವಸ್ತ್ರ ತೆಗೆದು ಒರೆಸಿಕೊಂಡರು.

"ಏನು ಇದು?"

"ತೀರ್ಥ," ಅಂದ ಜೋಶಿ.

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಪಾಟೀಲ ಅವರ ಮೊಣಕೈ ಹಿಡಿದ. "ಊಟದ ಹೊತ್ತಾಗ್ಯಾದ್ರಿ. ಬಿಸಿ ಹೋಳಿಗಿ ಅವ. ಮಾತ ಎಲ್ಲಿ ಹೋಗ್ತದ?"

ಅವರು ಉಣ್ಣುವ ತನಕ ಗಂಡಹೆಂಡತಿ ಇಬ್ಬರನ್ನೂ ಬಿಸಿಲಲ್ಲೇ ನಿಲ್ಲಿಸಿದರು. ವಾಡೆಯಿಂದ ತುಪ್ಪದ ವಾಸನೆ ಬರುತ್ತಿತ್ತು. ಶಾಲುಬಾಯಿಯ ಕೆನ್ನೆ ಊದಿತ್ತು. ಕೌಸಲ್ಯಾಬಾಯಿ ನೀರು ತಂದರೆ ಪಾಟೀಲನ ಆಳು ಬಿಡಲಿಲ್ಲ.

ಸಾಹೇಬರು ತಿರುಗಿ ಬಂದಾಗ ಬಾಯಲ್ಲಿ ಎಲೆಯಡಿಕೆ ಇತ್ತು. ಬೇವಿನ ಗಿಡ ದಾಟಿ ಅವಳ ಹತ್ತಿರಕ್ಕೇ ಬಂದರು. ಪಾಟೀಲ, ಜೋಶಿ ಕಟ್ಟೆಯ ಮೇಲೆ ಉಳಿದರು.

"ನಿಮ್ಮ ಹೆಸರೇನಮ್ಮ?"

"ಶಾಲುಬಾಯಿರಿ."

"ನೋಡಿ ಶಾಲುಬಾಯಿ, ನಿಮ್ಮ ತಪ್ಪಿಲ್ಲ ಅಂತ ನನಗೆ ಗೊತ್ತು. ಕಣ್ಣಾರೆ ನೋಡಿದ್ದೀನಿ."

"ಹಂಗಾದ್ರ ಅದೇ ಹೇಳ್ರಿ. ಅವರ ಮುಂದ ಹೇಳ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. "ಹಾಗೆ ಹೇಳೋಕ್ಕಾಗಲ್ಲ. ಗುಡಿಯ ವಿಷಯ. ರಾಜ್ಯ ಹೊಸದು, ನಾವು ಹೊಸಬರು. ಇವರನ್ನು ಎದುರು ಹಾಕಿಕೊಂಡರೆ ಈ ಕಡೆ ಯಾವ ಹಳ್ಳಿಯಲ್ಲೂ ರೇಡಿಯೋ ನಿಲ್ಲೋದಿಲ್ಲ. ಊರಿನವರೇ ಕೆಡಿಸಿದರು ಅಂತ ನಾನು ಬರೆದರೆ ಸರ್ಕಾರ ಈ ಊರಿಗೆ ಇನ್ನೊಂದು ಕೊಡೋದಿಲ್ಲ. ಹೊತ್ತು ತರುವಾಗ ಕಾಲು ಜಾರಿತು, ಬಿತ್ತು ಅಂದರೆ ಅದು ಆಕಸ್ಮಿಕ. ಹೊಸದು ಬರುತ್ತೆ. ನಿಮಗೆ ಯಾವ ದಂಡವೂ ಆಗದ ಹಾಗೆ ನಾನು ನೋಡಿಕೊಳ್ತೀನಿ."

ಅವರು ದನಿ ತಗ್ಗಿಸಿದರು.

"ಇನ್ನೊಂದು ಮಾತು. ನಿಮ್ಮ ಕೇರಿಗೇ ಒಂದು ಬೇರೆ ಹಾರ್ನ್ ಹಾಕಿಸ್ತೀನಿ. ಪಾಟೀಲರನ್ನು ಒಪ್ಪಿಸಿದ್ದೀನಿ. ಕಂಬ ನೆಟ್ಟು, ತಂತಿ ಎಳೆಸಿ, ನಿಮ್ಮ ಮನೆಗಳ ಕಡೆಗೇ ಮುಖ ಮಾಡಿ. ನೀವು ರೊಟ್ಟಿ ತಟ್ಟುತ್ತಾ ಕೇಳಬಹುದು."

ಶಾಲುಬಾಯಿ ವಾಡೆಯ ಕಡೆ ಮುಖ ಮಾಡಿದ ಹಾರ್ನಿನತ್ತ ನೋಡಿದಳು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿದರು.

"ಹೂಂ ಅನ್ನವ್ವ," ಮಾಣಿಕ ಹತ್ತಿರ ಬಂದ. "ಒಂದ ಸುಳ್ಳ ಹೇಳ್ದ್ರ ಯಾರ ಸಾಯಂಗಿಲ್ಲ. ಗಟಾರದಾಗ ಕುಂತು ಕುಂತು ನನ್ನ ಕುಂಡಿ ಸವದಾವ. ಸಾಯೂದರೊಳಗ ಒಂದ ಪೂರಾ ಮಾತ ಕೇಳ್ತೇನಿ."

"ನಾ ಹೇಳ್ತೇನ್ರಿ," ಕಾಶೀರಾಮ ಹೊಟ್ಟೆ ಹಿಡಿದುಕೊಂಡೇ ಅಂದ. "ನಾ ಕೆಡವೀನಿ."

"ನೀ ಬ್ಯಾಟ್ರಿ ಹೊತ್ತವ," ಪಾಟೀಲ ಕಟ್ಟೆಯಿಂದಲೇ ಕೂಗಿದ. "ರೇಡಿಯೋ ಹೊತ್ತಕಿ ಅಕಿ. ಅಕಿ ಬಾಯಿಲೇ ಬರ್ಲಿ. ಇಲ್ಲಿ ಬಂದು, ಹನುಮಪ್ಪನ ಮುಂದ, ಊರ ಕೇಳೂಹಂಗ. ನನ್ನ ಕೈ ಹತ್ತಿ ಸರಕಾರದ ಸಾಮಾನ ಕೆಟ್ಟದ ಅನ್ಲಿ. ಸಾಕು, ಮಾಫ್ ಮಾಡ್ತೇನಿ."

"ಕಾಲು ಜಾರಿತು ಅಂದರೆ ಸಾಕಲ್ಲ," ಅಂದರು ಸಾಹೇಬರು ತಿರುಗಿ.

"ಎಲ್ಲಾ ಒಂದೇ ಅಲ್ರಿ ಸಾಹೇಬರ? ಕೈ ಅಂದ್ರೇನು, ಕಾಲ ಅಂದ್ರೇನು?"

ಸಾಹೇಬರು ಎಲೆಯಡಿಕೆ ಅಗಿದು ಒಂದು ಕಡೆ ಉಗಿದರು. "ಒಂದೇ ಮಾತು, ಶಾಲುಬಾಯಿ. ಹೇಳಿಬಿಡಿ. ಊರಿಗೆಲ್ಲ ಒಳ್ಳೆಯದಾಗುತ್ತೆ."

"ನಾ ಎಡವಿಲ್ರಿ," ಅಂದಳು ಶಾಲುಬಾಯಿ. ದನಿ ದೊಡ್ಡದಾಗಿರಲಿಲ್ಲ, ಆದರೆ ಕಟ್ಟೆಯ ತನಕ ಮುಟ್ಟಿತು. "ಎರಡ ಹಳ್ಳ ದಾಟೀನಿ. ಕಾಲಾಗ ಮುಳ್ಳ ಮುರದದ, ಇಳಿಸಿ ತಕ್ಕೊಂಡಿಲ್ಲ. ಕೂಸಿನಂಗ ತಂದೀನಿ. ಬಿದ್ದಿಲ್ಲ ಅದು."

"ಅದು ನನಗೆ ಗೊತ್ತಲ್ಲಮ್ಮ."

"ನಿಮಗೊಬ್ಬರಿಗೇ ಗೊತ್ತಿದ್ರ ಏನಾತ್ರಿ? ಇವತ್ತ ನಾ ಬಿತ್ತಂದ್ರ ನಾಳಿ ನಮ್ಮ ಕೇರ್ಯಾಗಿನ ಯಾರ ಕೈ ಹತ್ತಿದ್ರೂ ಬಿತ್ತಂತಾರ. ಹಾರನ್ನಾಗ ಏನ ಕೇಳ್ಬೇಕ್ರಿ ಮತ್ತ ನಾವು?"

"ಏ ಶಾಲು," ಮಾಣಿಕ ಅವಳ ತೋಳು ಹಿಡಿದ. ಅವಳು ಅವನ ಕೈಯನ್ನು ಮೆಲ್ಲಗೆ ಬಿಡಿಸಿದಳು.

ಪಾಟೀಲ ಎದ್ದು ನಿಂತ. "ಸೊಕ್ಕ ನೋಡ್ರಿ ಸಾಹೇಬರ. ನಾಳಿಂದ ನನ್ನ ಹೊಲಾ ತುಳೀಲಿ, ಕಾಲ ಮುರೀತೇನಿ. ಇಡೀ ಕೇರಿಂದು."

ಕೇರಿಯ ಜನ ಅಲುಗಾಡಲಿಲ್ಲ. ಯಾರೋ ಹೆಂಗಸು ಬಿಕ್ಕಿದಳು. ಜೀಪಿನ ಡ್ರೈವರ್ ಎಂಜಿನ್ ಚಾಲೂ ಮಾಡಿದ. ಸಾಹೇಬರು ಗಡಿಯಾರ ನೋಡಿಕೊಂಡರು, ಜೀಪಿನ ಕಡೆ ನೋಡಿದರು, ಮತ್ತೆ ಅವಳ ಕಡೆ.

"ಕೊನೇ ಸಲ ಕೇಳ್ತೀನಮ್ಮ. ನಾನು ಹೋದಮೇಲೆ ಯಾರೂ ಬಂದು ಕೇಳೋದಿಲ್ಲ. ಹಾರ್ನ್ ಬೇಕೋ ಬೇಡವೋ?"

"ಬ್ಯಾಡ್ರಿ. ನಕೋ," ಅಂದಳು ಶಾಲುಬಾಯಿ.