ಇಪ್ಪತ್ತು ನಿಮಿಷ ಅಲುಗಾಡದೆ

ದರ್ಜಿ ಹೆಂಗಸೊಬ್ಬಳ ಒಂಬತ್ತು ವರ್ಷದ ಮಗಳು ಸದಾ ಗುಂಯ್‌ಗುಡುತ್ತಿದ್ದಳು. ಅದಕ್ಕೇ ಮನೆಯಲ್ಲಿ ಅವಳಿಗೆ ಜೀರುಂಡೆ ಎಂದು ಹೆಸರು. ಆಟಿಸಂ ಇದೆ ಎಂದು ವೈದ್ಯರು ಮೂರು ವರ್ಷದ ಹಿಂದೆಯೇ ಹೇಳಿದ್ದರು. ಗಿರಾಕಿಗಳ ತೋಳಳತೆಯನ್ನು ಪಟ್ಟನೆ ಒಪ್ಪಿಸುವ ಹುಡುಗಿಗೆ ಅವರ ಮುಖ ಮಾತ್ರ ನೆನಪಿರುತ್ತಿರಲಿಲ್ಲ. ಒಮ್ಮೆ ಸ್ವಂತ ಚಿಕ್ಕಮ್ಮನನ್ನೇ "ನಿಮ್ದು ಕೋಟಾ, ಲಂಗಾನಾ?" ಎಂದು ಕೇಳಿ ಅವರ ಮುಖ ಸಪ್ಪಗಾಗಿಸಿದ್ದಳು.

ಶಾಲೆಯಲ್ಲಿ ಟೀಚರ್ ಒಟ್ಟಿಗೆ ಮೂರು ಕೆಲಸ ಹೇಳಿದರೆ ಮೊದಲನೆಯದನ್ನು ಮುಗಿಸಿ ಸುಮ್ಮನೆ ಕೂರುತ್ತಿದ್ದಳು.

"ಬರೀ ಉದಾಸೀನ ಕಣ್ರೀ. ಮುಂದಿನ ಟರ್ಮ್‌ನಿಂದ ಎರಡು ಕ್ಲಾಸ್ ಕೆಳಗೆ ಕೂರಿಸ್ತೀವಿ," ಎಂದರು ಮುಖ್ಯೋಪಾಧ್ಯಾಯಿನಿ.

ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಇಂಥ ಮಕ್ಕಳ ನೆನಪಿನ ಬಗ್ಗೆ ದೊಡ್ಡಾಸ್ಪತ್ರೆಯಲ್ಲಿ ಅಧ್ಯಯನ ನಡೆಯುತ್ತಿದೆ ಎಂದು ತಿಳಿದು ಮಗಳ ಕೈಹಿಡಿದು ಹೊರಟಳು. ನೆನಪಿನ ಪರೀಕ್ಷೆಗಳೇನೋ ಸಲೀಸಾಗಿ ಮುಗಿದವು. ಆದರೆ ಮೆದುಳಿನ ಸ್ಕ್ಯಾನಿಗೆ ಯಂತ್ರದ ಕೊಳವೆಯೊಳಗೆ ಇಪ್ಪತ್ತು ನಿಮಿಷ ಅಲುಗಾಡದೆ ಮಲಗಬೇಕು. ಯಂತ್ರ ಢಣಢಣ ಎಂದದ್ದೇ ತಡ, ಜೀರುಂಡೆ ಕಿರುಚಿ ಹೊರಗೋಡಿದಳು.

"ಸಾಕು ಬಿಡೇ, ಮಗೂನ ಯಾಕೆ ಗೋಳು ಹುಯ್ಕೋತೀಯ?" ಎಂದ ಗಂಡ.

"ಅವಳು ಬೇಡ ಅಂದ್ರೆ ಬಿಡ್ತೀನಿ. ನೀವು ಬೇಡ ಅಂದ್ರೆ ಬಿಡಲ್ಲ."

ಮಗಳನ್ನೇ ಕೇಳಿದಳು. ಜೀರುಂಡೆ, "ಸದ್ದು ಮೊದಲೇ ಗೊತ್ತಿರ್ಬೇಕು," ಎಂದಳು.

ದರ್ಜಿ ಮರುದಿನವೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡುವವನನ್ನು ಕಾಡಿ ಬೇಡಿ ಯಂತ್ರದ ಸದ್ದನ್ನು ಫೋನಿಗೆ ಹಾಕಿಸಿಕೊಂಡಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹಾಸಿಗೆ ಹಾಸಿ, ಸುತ್ತ ದಪ್ಪ ಬಟ್ಟೆ ಇಳಿಬಿಟ್ಟು ಗುಹೆ ಮಾಡಿ, ಆ ಸದ್ದು ಹಚ್ಚಿ ಮಗಳನ್ನು ಮಲಗಿಸತೊಡಗಿದಳು. ಮೊದಲ ದಿನ ಅರ್ಧ ನಿಮಿಷ. ನಾಲ್ಕನೇ ದಿನ ಎರಡು. ಒಂಬತ್ತನೇ ದಿನ ಹುಡುಗಿ ಒಳಗೇ ಹೋಗಲಿಲ್ಲ. ತಾಯಿಯೇ ತೆವಳಿಕೊಂಡು ಹೋಗಿ ಮಲಗಿ ಅಲ್ಲೇ ನಿದ್ದೆ ಹೋದಳು. ಗಿರಾಕಿಗಳು ಕೂಗಿ ಕೂಗಿ ವಾಪಸಾದರು. ಇಪ್ಪತ್ತಾರನೇ ದಿನ ಇಪ್ಪತ್ತು ನಿಮಿಷ ತುಂಬಿತು.

ಎರಡನೇ ಸಲ ಆಸ್ಪತ್ರೆಗೆ ಹೋದಾಗ ಜೀರುಂಡೆ ಕಣ್ಣುಮುಚ್ಚಿ ಮಲಗಿದಳು, ಮಿಸುಕಲಿಲ್ಲ. ಗಾಜಿನಾಚೆ ತಾಯಿ ನಿಮಿಷ ಎಣಿಸುತ್ತ ನಿಂತಿದ್ದಳು.

ಅಧ್ಯಯನ ನಡೆಸುತ್ತಿದ್ದ ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು: "ಇಂಥ ಎಷ್ಟೋ ಮಕ್ಕಳಲ್ಲಿ ನೆನಪಿಗೆ ಸಂಬಂಧಪಟ್ಟ ಮೆದುಳಿನ ಭಾಗಗಳು ಒಂದಕ್ಕೊಂದು ಬೇರೆ ರೀತಿ ಸಂಪರ್ಕದಲ್ಲಿರೋ ಹಾಗೆ ಕಾಣುತ್ತೆ. ಆದ್ರೆ ಒಬ್ಬಳ ಸ್ಕ್ಯಾನ್ ನೋಡಿ ಇದೇ ಕಾರಣ ಅಂತ ಹೇಳಕ್ಕಾಗಲ್ಲಮ್ಮ. ಅದು ನಮ್ಮ ಅಧ್ಯಯನಕ್ಕೆ. ನಿಮಗೆ ಬೇಕಾದ್ದು ನೆನಪಿನ ಪರೀಕ್ಷೇಲೇ ಇದೆ. ಮುಖಗಳು, ಕಿವಿಗೆ ಬಿದ್ದ ಸಾಲು ಸಾಲು ಮಾತು, ಇವು ಅವಳಿಗೆ ನಿಲ್ಲಲ್ಲ. ಬರೆದು ತೋರಿಸಿದ್ರೆ ನಿಲ್ಲುತ್ತೆ."

"ಅಂದ್ರೆ ಉದಾಸೀನ ಅಲ್ಲ?"

"ಖಂಡಿತಾ ಅಲ್ಲ."

"ಅದನ್ನೇ ಬರೆದುಕೊಡಿ ಡಾಕ್ಟ್ರೇ."

ವರದಿ ಕೈಗೆ ಬಂದ ದಿನವೇ ದರ್ಜಿ ಶಾಲೆಗೆ ನಡೆದಳು. ಮುಖ್ಯೋಪಾಧ್ಯಾಯಿನಿ ಓದಿ ಕನ್ನಡಕ ತೆಗೆದರು. "ಒಬ್ಬಳಿಗೋಸ್ಕರ ಎಲ್ಲಾನೂ ಬೋರ್ಡ್ ಮೇಲೆ ಬರೀತಾ ಕೂರೋಕಾಗುತ್ತೇನ್ರೀ?"

"ಬರೆದ್ರೆ ಉಳಿದವ್ರಿಗೇನು ಕಣ್ಣು ನೋಯುತ್ತಾ ಮೇಡಂ?"

ಬದಿಯಲ್ಲಿದ್ದ ಜೀರುಂಡೆಯ ಟೀಚರ್‌ಗೆ ನಗು ತಡೆಯಲಾಗಲಿಲ್ಲ. "ನಾನು ಬರೀತೀನಿ ಬಿಡಿ," ಎಂದರು.

ಆ ವರ್ಷ ಜೀರುಂಡೆ ತನ್ನ ತರಗತಿಯಲ್ಲೇ ಉಳಿದಳು.